ಬೋರ್ಡಿಲ್ಲದ ರೆಕಾರ್ಡು ಅಂಗಡಿ

ಕಾಸರಗೋಡಿನ ಹಳೆ ಬಸ್‌ನಿಲ್ದಾಣದ ಹಿಂದಿನ ಓಣಿಯೊಂದರಲ್ಲಿ, ಕೆಳಗೆ ಹೊಲಿಗೆ ಯಂತ್ರಗಳು ಸದ್ದು ಮಾಡುವ ಹಂಚಿನ ಕಟ್ಟಡದ ಮಾಳಿಗೆಯಲ್ಲಿ, ಹಳೆಯ ಗ್ರಾಮಫೋನ್ ತಟ್ಟೆಗಳನ್ನೂ ಕ್ಯಾಸೆಟ್ಟುಗಳನ್ನೂ ಮಾರುವ, ಕೆಟ್ಟ ಪ್ಲೇಯರುಗಳನ್ನು ರಿಪೇರಿ ಮಾಡಿಕೊಡುವ ಅಂಗಡಿಯೊಂದಿದೆ. ಅದಕ್ಕೆ ಬೋರ್ಡಿಲ್ಲ, ಇದ್ದ ಬೋರ್ಡು ಯಾವುದೋ ಮಳೆಗಾಲದಲ್ಲಿ ಬಿದ್ದುಹೋದ ಮೇಲೆ ಮಾಲಕರು ಇನ್ನೊಂದನ್ನು ಬರೆಸಲಿಲ್ಲ. ಓಣಿಯ ಬಾಯಿಯಲ್ಲಿ ನಿಂತು ‘ಪ್ಲೇಟಿನ ಕಾಕನ ಅಂಗಡಿ’ ಎಂದು ಕನ್ನಡದಲ್ಲಿಯೋ ಮಲಯಾಳದಲ್ಲಿಯೋ ತುಳುವಿನಲ್ಲಿಯೋ ಕೇಳಿದರೆ ಯಾರಾದರೂ ಮೆಟ್ಟಿಲು ತೋರಿಸುತ್ತಾರೆ. ಶಾಲೆಯ ಕೆಲಸದಿಂದ ನಿವೃತ್ತನಾದ ನಾನು ಕಳೆದ ಎರಡು ವರ್ಷಗಳಿಂದ ತಿಂಗಳಿಗೊಮ್ಮೆಯಾದರೂ ಬದಿಯಡ್ಕದಲ್ಲಿ ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಿದ್ದೇನೆ. ಹಿಂದಿ ಸಿನಿಮಾ ಹಾಡು, ಮಾಪ್ಪಿಳ್ಳೆ ಪಾಟ್ಟು, ತಾಳಮದ್ದಳೆ ಎಲ್ಲವೂ ಅಲ್ಲಿವೆಯಾದರೂ ನಾನಿಲ್ಲಿ ಬರೆಯುತ್ತಿರುವುದು ಮುಖ್ಯವಾಗಿ ಬ್ರಿಟಿಷ್ ರಾಕ್ ತಂಡಗಳ ಕಪಾಟಿನ ಬಗ್ಗೆ, ಏಕೆಂದರೆ ಅಂಥ ಕಪಾಟನ್ನು ನಾನು ಬೇರೆಲ್ಲೂ ಕಂಡಿಲ್ಲ.

ಬೇರೆ ಊರುಗಳ ರೆಕಾರ್ಡು ಅಂಗಡಿಗಳಲ್ಲಿ ತಟ್ಟೆಗಳನ್ನು ಅಕ್ಷರಾನುಕ್ರಮದಲ್ಲಿಯೋ ಬೆಲೆಯ ಪ್ರಕಾರವೋ ಜೋಡಿಸಿರುತ್ತಾರೆ. ಇಲ್ಲಿ ಅವು ಯಾರು ಯಾರಿಂದ ಕಲಿತರು ಎಂಬ ಕ್ರಮದಲ್ಲಿವೆ. ಎಡತುದಿಯಲ್ಲಿ ಅಮೆರಿಕದ ಕರಿಯರ ‘ಬ್ಲೂಸ್’ ಎಂಬ ಸಂಗೀತವನ್ನು ಹಾಡುತ್ತಿದ್ದ ಷಿಕಾಗೋದ ಮಡ್ಡಿ ವಾಟರ್ಸ್ ಇದ್ದರೆ ಅವನಿಗೆ ತಾಗಿಕೊಂಡು ರೋಲಿಂಗ್ ಸ್ಟೋನ್ಸ್ ತಂಡವಿದೆ. 1962ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಆ ತಂಡ ತನ್ನ ಹೆಸರನ್ನೇ ಮಡ್ಡಿ ವಾಟರ್ಸ್‌ನ 1950ರ ಹಾಡೊಂದರಿಂದ ಎತ್ತಿಕೊಂಡಿತು ಎಂಬುದನ್ನು ತಿಳಿಯದ ಗಿರಾಕಿಯೂ ಆ ಎರಡು ಕವರುಗಳು ಮೈತಾಗಿ ನಿಂತಿರುವುದನ್ನು ನೋಡಿ ಏನೋ ಸಂಬಂಧವಿರಬೇಕೆಂದು ಊಹಿಸುತ್ತಾನೆ. ಮೊದಲ ಸಲ ಹೋದಾಗ ನಾನು, ಇದೆಂಥ ಜೋಡಣೆ, ಹುಡುಕುವವನಿಗೆ ಕಷ್ಟವಲ್ಲವೇ ಎಂದು ಕೇಳಿದ್ದೆ. “ಗುರುವಿನ ಪಕ್ಕದಲ್ಲಿ ಶಿಷ್ಯನನ್ನು ಕೂರಿಸಿದ್ದೇನೆ ಮಾಷ್ಟ್ರೆ, ಹುಡುಕುವವನು ನನ್ನನ್ನು ಕೇಳಲಿ” ಎಂದರು ಕಾಕ. ಇದು ಬರೀ ಚಮತ್ಕಾರದ ಮಾತಲ್ಲವೆಂದು ಆಮೇಲೆ ನನಗೆ ತಿಳಿಯಿತು. 1965ರ ಮೇ ತಿಂಗಳಲ್ಲಿ ಅಮೆರಿಕದ ‘ಶಿಂಡಿಗ್’ ಎಂಬ ಟಿವಿ ಕಾರ್ಯಕ್ರಮಕ್ಕೆ ಕರೆ ಬಂದಾಗ ರೋಲಿಂಗ್ ಸ್ಟೋನ್ಸ್‌ನವರು ಹೌಲಿನ್ ವುಲ್ಫ್‌ನನ್ನೂ ಕರೆಸಬೇಕೆಂದು ಹಟ ಹಿಡಿದರು. ಅವನು ಹಾಡುವಾಗ ಆ ಬಿಳಿಯ ಹುಡುಗರು ಅವನ ಕಾಲ ಬುಡದಲ್ಲಿ ಕುಳಿತು ಕೇಳಿದರು. ತಮ್ಮದೇ ದೇಶದ ಕರಿಯ ಕಲಾವಿದನನ್ನು ಅಮೆರಿಕದ ಬಹುಪಾಲು ಮನೆಗಳವರು ನೋಡಿದ್ದು ಹೀಗೆ, ಲಂಡನ್ನಿನ ಹುಡುಗರ ಬೆನ್ನ ಹಿಂದಿನಿಂದ.

ಈ ಸಂಗೀತ ಸಮುದ್ರ ದಾಟಿದ ಬಗೆ ಕಾಸರಗೋಡಿನವರಿಗೆ ವಿಚಿತ್ರವೆನಿಸಬಾರದು. ಬಂದರು ಪಟ್ಟಣವಾದ ಲಿವರ್‌ಪೂಲಿನಲ್ಲಿ ಹಡಗಿನ ಕೆಲಸಗಾರರು ಅಮೆರಿಕದಿಂದ ಬರುವಾಗ ತಟ್ಟೆಗಳನ್ನು ತರುತ್ತಿದ್ದರು. ಲೋನಿ ಡೊನೆಗನ್ ಜನಪ್ರಿಯಗೊಳಿಸಿದ ‘ಸ್ಕಿಫಲ್’ ಎಂಬ ಬಡವರ ವಾದ್ಯಗೋಷ್ಠಿಗೆ ಒಂದು ಗಿಟಾರು, ಬಟ್ಟೆ ಉಜ್ಜುವ ಹಲಗೆ, ಚಹಾ ಪೆಟ್ಟಿಗೆಗೆ ಕೋಲು ಕಟ್ಟಿ ಹುರಿ ಬಿಗಿದ ತಂತಿವಾದ್ಯ ಇಷ್ಟಿದ್ದರೆ ಸಾಕಿತ್ತಾದ್ದರಿಂದ ಸಾವಿರಾರು ಹುಡುಗರು ತಂಡ ಕಟ್ಟಿದರು. ಜಾನ್ ಲೆನನ್‌ನ ಅಂಥ ಒಂದು ತಂಡ 1957ರ ಜುಲೈ 6ರಂದು ವುಲ್ಟನ್ನಿನ ಚರ್ಚಿನ ಜಾತ್ರೆಯಲ್ಲಿ ಬಾರಿಸುತ್ತಿದ್ದಾಗಲೇ ಪಾಲ್ ಮೆಕಾರ್ಟ್ನಿ ಅವನಿಗೆ ಪರಿಚಯವಾದದ್ದು; ಮುಂದೆ ಬೀಟಲ್ಸ್ ತಂಡದಲ್ಲಿ ಜೊತೆಯಾದವರು ಇವರೇ. 1960ರ ಕೊನೆಗೆ ಬ್ರಿಟನ್ನಿನಲ್ಲಿ ಕಡ್ಡಾಯ ಸೈನ್ಯಸೇವೆಗೆ ಕರೆಯುವುದು ನಿಂತಿತು. ತಲೆಗೂದಲು ಕತ್ತರಿಸಿಕೊಂಡು ಬಂದೂಕು ಹಿಡಿಯಬೇಕಾಗಿದ್ದ ಒಂದು ಪೀಳಿಗೆ ಕೂದಲು ಬಿಟ್ಟು ಗಿಟಾರು ಹಿಡಿಯಲು ಅದೂ ಒಂದು ಕಾರಣ. ಲಿವರ್‌ಪೂಲಿನಲ್ಲಿ ಹಡಗಿನವರು ಮಾಡಿದ್ದನ್ನು ನಮ್ಮಲ್ಲಿ ಗಲ್ಫಿನವರು ಮಾಡಿದರು. 1983ರಲ್ಲಿ ನಮ್ಮ ನೆರೆಮನೆಯ ಅಣ್ಣ ಶಾರ್ಜಾದಿಂದ ಬರುವಾಗ ಹೆಗಲಲ್ಲಿ ರೇಡಿಯೋವೂ ಟೇಪ್ ರೆಕಾರ್ಡರೂ ಕೂಡಿದ ಟೂ-ಇನ್-ವನ್ ಹೊತ್ತು ತಂದಿದ್ದ. ಅತ್ತರಿನ ಘಾಟು ಅಂಟಿದ್ದ ಅವನ ಪೆಟ್ಟಿಗೆಯಲ್ಲಿದ್ದ ಏಳೆಂಟು ಕ್ಯಾಸೆಟ್ಟುಗಳಲ್ಲಿ ಒಂದು ಪಿಂಕ್ ಫ್ಲಾಯ್ಡ್ ತಂಡದ್ದು, ಮತ್ತೊಂದು ಡೀಪ್ ಪರ್ಪಲ್‌ನದ್ದು. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಅವು ನಮ್ಮ ಅಂಗಳದಲ್ಲಿ ಹಾಡಿದವು. ಕಾಕನೂ ದುಬೈಯಲ್ಲಿ ಹನ್ನೆರಡು ವರ್ಷ ದುಡಿದು ಬಂದವರು, ಅಂಗಡಿಯ ಮೊದಲ ದಾಸ್ತಾನು ಅಲ್ಲಿಂದಲೇ ಬಂದದ್ದು.

ಅಂಗಡಿಯ ಅತ್ಯುತ್ತಮ ವಸ್ತು ಮಾರಾಟಕ್ಕಿಲ್ಲ. ಅದು ನಿಮಿಷಕ್ಕೆ 78 ಸುತ್ತು ತಿರುಗುವ ಬೀಟಲ್ಸ್ ತಟ್ಟೆ. ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಬೀಟಲ್ಸ್ ಹಾಡುಗಳು ಬಂದದ್ದು ಹಗುರವಾದ ವೈನಿಲ್ ತಟ್ಟೆಗಳಲ್ಲಿ. ಆದರೆ ಕರೆಂಟಿಲ್ಲದ ಮನೆಗಳಲ್ಲಿ ಕೀಲಿ ತಿರುಗಿಸಿ ಹಾಡಿಸುವ ಗ್ರಾಮಫೋನುಗಳು ಭಾರತದಲ್ಲಿ ಇನ್ನೂ ಬಳಕೆಯಲ್ಲಿದ್ದುದರಿಂದ ಗ್ರಾಮಫೋನ್ ಕಂಪೆನಿ ಆಫ್ ಇಂಡಿಯಾದವರು 1960ರ ದಶಕದ ನಡುವಿನವರೆಗೂ ಆ ತಂಡದ ಹಾಡುಗಳನ್ನು ಹಳೆಯ ಕಾಲದ 78ರ ತಟ್ಟೆಗಳಾಗಿ ಅಚ್ಚು ಹಾಕಿದರು. ಲಿವರ್‌ಪೂಲಿನ ಹೊಸ ಸಂಗೀತ ಹಳೆಯ ಯಂತ್ರದ ಮೇಲೆ ಹತ್ತಿದ ಈ ವಿಚಿತ್ರಕ್ಕಾಗಿಯೇ ಜಗತ್ತಿನ ಸಂಗ್ರಾಹಕರು ಇಂದು ಭಾರತದ ತಟ್ಟೆಗಳನ್ನು ಹುಡುಕಿಕೊಂಡು ಬರುತ್ತಾರೆ. ಕಾಕ ಅದನ್ನು ಹಳೆಯ ಮಸ್ಲಿನ್ ಬಟ್ಟೆಯಲ್ಲಿ ಸುತ್ತಿ, ಉಕ್ಕಿನ ಬೀರುವಿನಲ್ಲಿ ಇಟ್ಟಿದ್ದಾರೆ. ಕೈಗೆ ಕೊಟ್ಟಾಗ ಅಡಿಯಲ್ಲಿ ಇನ್ನೊಂದು ಕೈ ಹಿಡಿದಿದ್ದರು, ಮಗುವನ್ನು ದಾಟಿಸುವಾಗ ಹಿಡಿಯುವ ಹಾಗೆ. ಅದರ ಭಾರ ಊಹಿಸಿದ್ದಕ್ಕಿಂತ ಹೆಚ್ಚು, ಅಂಚು ತಣ್ಣಗೆ, ಉಗುರು ತಾಗಿದರೆ ಓಡಿನಂತೆ ಟಣ್ಣೆನ್ನುತ್ತದೆ. ಅರಗನ್ನು ಸೇರಿಸಿ ಮಾಡಿದ ತಟ್ಟೆಯಾದುದರಿಂದ ಬಿದ್ದರೆ ಚೂರು, ಬಿಸಿಲಿಗಿಟ್ಟರೆ ಸೊಟ್ಟ. “ಪಾಂಡವರನ್ನು ಕೂರಿಸಿದ್ದೂ ಇಂಥದೇ ಮನೆಯಲ್ಲಿ ಅಲ್ಲವಾ ಮಾಷ್ಟ್ರೆ?” ಎಂದು ನಕ್ಕರು. ಯಕ್ಷಗಾನದ ಊರಿನಲ್ಲಿ ಅರಗಿನ ಮನೆಯನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಅದನ್ನು ನುಡಿಸುವ ಕ್ರಮದಲ್ಲಿ ಕಾಕನ ಕಸಬುದಾರಿಕೆ ಕಾಣಿಸುತ್ತದೆ. 78ರ ತಟ್ಟೆಯ ಸೂಜಿಯ ಮೊನೆ, ಹೆಚ್ಚು ಹೊತ್ತು ಹಾಡುವ ದೊಡ್ಡ ವೈನಿಲ್ ತಟ್ಟೆಯಾದ ಎಲ್‌ಪಿಯ ಸೂಜಿಗಿಂತ ಸುಮಾರು ಮೂರು ಪಟ್ಟು ದಪ್ಪವಿರಬೇಕು. ಇಲ್ಲವಾದರೆ ಸಣ್ಣ ಮೊನೆ ಅಗಲವಾದ ಗೆರೆಯ ತಳಕ್ಕಿಳಿದು ಅಲ್ಲಿನ ಧೂಳನ್ನೆಲ್ಲ ಕೆದಕಿ ಕರಕರ ಸದ್ದನ್ನೇ ಹಾಡಿಸುತ್ತದೆ. ಕಾಕ ಸೂಜಿ ಬದಲಾಯಿಸಿ, ಬ್ರಷ್ಷಿನಿಂದ ಎರಡು ಸುತ್ತು ಒರೆಸಿ, ಆಮೇಲಷ್ಟೇ ಕೈ ಇಳಿಸಿದರು. ಮೂರು ನಿಮಿಷದೊಳಗೆ ಹಾಡು ಮುಗಿಯಿತು. ಹತ್ತು ಇಂಚಿನ ಇಂಥ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದುದೇ ಅಷ್ಟು. ಜನಪ್ರಿಯ ಹಾಡೆಂದರೆ ಮೂರು ನಿಮಿಷವೆಂಬ ಲೆಕ್ಕ ಹುಟ್ಟಿದ್ದು ಅದರಿಂದಲೇ. ಆ ಲೆಕ್ಕವನ್ನು ಮುರಿದವರಲ್ಲಿ ಬ್ರಿಟಿಷ್ ತಂಡಗಳು ಮುಂದಿದ್ದವು. 1967ರಲ್ಲಿ ಬೀಟಲ್ಸ್ ತಂಡ ‘ಸಾರ್ಜೆಂಟ್ ಪೆಪ್ಪರ್ಸ್’ ಆಲ್ಬಮ್ಮನ್ನು ಬಿಡಿ ಹಾಡುಗಳ ಮೂಟೆಯಾಗಿಸದೆ, ಹಿಂದಿನ ಕವರಿನಲ್ಲಿ ಸಾಹಿತ್ಯವನ್ನೆಲ್ಲ ಮುದ್ರಿಸಿ, ಕುಳಿತು ಕೇಳುವ ಒಂದು ಕೃತಿಯಾಗಿ ಹೊರತಂದಿತು. 1971ರಲ್ಲಿ ಪಿಂಕ್ ಫ್ಲಾಯ್ಡ್ ಒಂದೇ ಹಾಡಿಗೆ ಎಲ್‌ಪಿಯ ಒಂದು ಬದಿಯನ್ನು ಪೂರ್ತಿಯಾಗಿ ಕೊಟ್ಟಿತು. 1975ರಲ್ಲಿ ಕ್ವೀನ್ ತಂಡ 5 ನಿಮಿಷ 55 ಸೆಕೆಂಡುಗಳ ‘ಬೊಹೀಮಿಯನ್ ರ‍್ಯಾಪ್ಸಡಿ’ಯನ್ನು ಹಾಗೆಯೇ ಸಿಂಗಲ್, ಅಂದರೆ ಬಿಡಿ ಹಾಡಿನ ತಟ್ಟೆ, ಆಗಿ ಬಿಡುಗಡೆ ಮಾಡಿ ಗೆದ್ದಿತು. 78ರ ತಟ್ಟೆಯನ್ನು ಮೊದಲು ಕೇಳಿಸಿ ಬಳಿಕ ಈ ಎಲ್‌ಪಿಗಳನ್ನು ಹಾಕುವ ಕಾಕನ ಪದ್ಧತಿಯಿಂದ ಈ ಬದಲಾವಣೆ ಗಡಿಯಾರ ನೋಡದೆಯೇ ಅರ್ಥವಾಗುತ್ತದೆ.

ಬೀಟಲ್ಸ್‌ನವರ ವಿಷಯದಲ್ಲಿ ಮಾತ್ರ ಗುರುಶಿಷ್ಯರ ಕ್ರಮ ತೊಡಕಿಗೆ ಸಿಕ್ಕಿಕೊಂಡಿದೆ. 1964ರ ಫೆಬ್ರವರಿ 9ರಂದು ಎಡ್ ಸಲಿವನ್‌ನ ಟಿವಿ ಕಾರ್ಯಕ್ರಮದಲ್ಲಿ ಅವರು ಹಾಡಿದ್ದನ್ನು ಅಮೆರಿಕದಲ್ಲಿ ಸುಮಾರು 7 ಕೋಟಿ 30 ಲಕ್ಷ ಜನ ನೋಡಿದರು; ಅದೇ ವರ್ಷ ಏಪ್ರಿಲ್ 4ರ, ಅಲ್ಲಿನ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಐದು ಸ್ಥಾನಗಳೂ ಅವರವೇ ಆಗಿದ್ದವು. ಅದರ ಅಲೆ ನಮ್ಮಲ್ಲಿಗೆ ತಲುಪಲು ತಡವಾಗಲಿಲ್ಲ. ಮರುವರ್ಷವೇ ಶಮ್ಮಿ ಕಪೂರರ ‘ಜಾನ್ವರ್’ ಚಿತ್ರಕ್ಕಾಗಿ ಶಂಕರ್-ಜೈಕಿಶನ್ ಬೀಟಲ್ಸ್ ಧಾಟಿಯೊಂದನ್ನು ನೇರವಾಗಿ ಎತ್ತಿದರು, ಕಾಕ ಆ ತಟ್ಟೆಯನ್ನು ಶಿಷ್ಯರ ಸಾಲಿನಲ್ಲಿ ಬಲಕ್ಕೆ ಇಟ್ಟಿದ್ದಾರೆ. ಆದರೆ ರವಿಶಂಕರರನ್ನು ಎಲ್ಲಿಡುವುದು? 1965ರಲ್ಲಿ ಸಿನಿಮಾ ಚಿತ್ರೀಕರಣದ ಸೆಟ್ಟಿನಲ್ಲಿ ಸಿತಾರನ್ನು ಮೊದಲು ಕಂಡ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಆ ವರ್ಷದ ಕೊನೆಗೆ ಅದನ್ನು ಹಾಡೊಂದರಲ್ಲಿ ಬಳಸಿದ. 1966ರಲ್ಲಿ ಬೊಂಬಾಯಿಗೆ ಬಂದು ರವಿಶಂಕರರ ಬಳಿ ಕಲಿತ. 1968ರ ಜನವರಿಯಲ್ಲಿ ಬೊಂಬಾಯಿಯ ಎಚ್‌ಎಂವಿ ಸ್ಟುಡಿಯೋದಲ್ಲಿ ನಮ್ಮ ವಾದ್ಯಗಾರರನ್ನು ಕೂರಿಸಿ ಧ್ವನಿಮುದ್ರಿಸಿದ. ಅಂದ ಮೇಲೆ ರವಿಶಂಕರರು ಗುರುವಿನ ಕಡೆ, ಎಡಕ್ಕೆ. ಹಾಗಿದ್ದರೂ ಪಾಶ್ಚಾತ್ಯ ದೇಶಗಳ ಎಳೆಯರು ರವಿಶಂಕರರ ಕಛೇರಿಗೆ ಮುಗಿಬಿದ್ದದ್ದು ಶಿಷ್ಯನ ಹೆಸರಿನ ಬಲದಿಂದಲೂ ಹೌದು. ಕಾಕ ಕಂಡುಕೊಂಡ ಪರಿಹಾರ ನನಗೆ ಇಷ್ಟವಾಯಿತು. 1971ರ ಆಗಸ್ಟ್ 1ರಂದು ಇಬ್ಬರೂ ಸೇರಿ ಬಾಂಗ್ಲಾ ನಿರಾಶ್ರಿತರಿಗಾಗಿ ನ್ಯೂಯಾರ್ಕಿನಲ್ಲಿ ನಡೆಸಿದ ಕಛೇರಿಯ ಮೂರು ತಟ್ಟೆಗಳ ಪೆಟ್ಟಿಗೆಯನ್ನು ಅವರು ಎರಡು ಸಾಲುಗಳ ನಡುವೆ ಅಡ್ಡಲಾಗಿ ಇಟ್ಟುಬಿಟ್ಟಿದ್ದಾರೆ. ಅದನ್ನು ತೆಗೆಯದೆ ಆಚೆಯದೂ ಸಿಗುವುದಿಲ್ಲ, ಈಚೆಯದೂ ಸಿಗುವುದಿಲ್ಲ. ಜನಪ್ರಿಯ ಸಂಗೀತಗಾರರು ಹಸಿದವರಿಗಾಗಿ ಒಟ್ಟುಗೂಡಿ ಹಾಡುವ ದೊಡ್ಡ ಕಛೇರಿಗಳಿಗೆ, 1985ರ ಲೈವ್ ಏಡ್‌ಗೆ ಕೂಡ, ಆ ಪೆಟ್ಟಿಗೆಯೊಳಗಿನ ಕಛೇರಿಯೇ ಮಾದರಿ.

ಲೆಡ್ ಜೆಪ್ಪೆಲಿನ್ ತಂಡದ ಅಭಿಮಾನಿಗಳಿಗೆ ಈ ಕಪಾಟು ಸ್ವಲ್ಪ ಇರಿಸುಮುರಿಸು ತರಬಹುದು. ಅವರ 1969ರ ಪ್ರಸಿದ್ಧ ಹಾಡೊಂದರ ಸಾಹಿತ್ಯಕ್ಕೂ ವಿಲ್ಲಿ ಡಿಕ್ಸನ್ ಬರೆದು ಮಡ್ಡಿ ವಾಟರ್ಸ್ ಹಾಡಿದ್ದ ಹಾಡಿಗೂ ಇರುವ ಹೋಲಿಕೆಯ ಬಗ್ಗೆ ಡಿಕ್ಸನ್ 1985ರಲ್ಲಿ ದಾವೆ ಹೂಡಿದ. 1987ರಲ್ಲಿ ರಾಜಿಯಾಗಿ, ಮುಂದೆ ಅವನ ಹೆಸರು ಹಾಡಿನ ಕರ್ತೃಗಳ ಸಾಲಿಗೆ ಸೇರಿತು. ನಮ್ಮಲ್ಲಿ ಯಕ್ಷಗಾನ ಕವಿ ಕುಂಬಳೆಯ ಪಾರ್ತಿಸುಬ್ಬನ ಪದವನ್ನು ಯಾವ ಭಾಗವತರು ಎಷ್ಟು ಹೊಸದಾಗಿ ಹಾಡಿದರೂ ಅದು ಪಾರ್ತಿಸುಬ್ಬನ ಪದವೇ. ಹಾಡಿದವರ ಕೀರ್ತಿ ಅದರಿಂದ ತಗ್ಗುವುದಿಲ್ಲ. ಲೆಡ್ ಜೆಪ್ಪೆಲಿನ್ ದೊಡ್ಡ ತಂಡವೆಂಬುದರಲ್ಲಿ ನನಗೆ ಸಂದೇಹವಿಲ್ಲ, ಅವರ ಡ್ರಮ್ಮು ಆ ಮಾಳಿಗೆಯ ಹಲಗೆಗಳನ್ನು ಅಕ್ಷರಶಃ ನಡುಗಿಸುತ್ತದೆ. ಆದರೂ ವಿಲ್ಲಿ ಡಿಕ್ಸನ್‌ನ ತಟ್ಟೆಯನ್ನು ಅವರ ಎಡಗಡೆಗೆ ಕಟ್ಟಿಹಾಕಿದಂತೆ ಇಟ್ಟಿರುವುದು ನ್ಯಾಯವೇ ಸರಿ. ಇಂಗ್ಲೆಂಡಿನ ಗಿಟಾರುಗಾರ ಎರಿಕ್ ಕ್ಲಾಪ್ಟನ್‌ನ ವಿಷಯ ಇನ್ನೂ ಕಹಿಯಾದುದು. ಕರಿಯರ ಬ್ಲೂಸ್‌ನಿಂದಲೇ ಕಲಿತು ಹೆಸರಾದ ಅವನು 1976ರ ಆಗಸ್ಟಿನಲ್ಲಿ ಬರ್ಮಿಂಗ್‌ಹ್ಯಾಮಿನ ವೇದಿಕೆಯಲ್ಲಿ ಕುಡಿದ ಅಮಲಿನಲ್ಲಿ ವಲಸಿಗರ ವಿರುದ್ಧ ಹೇಯವಾಗಿ ಮಾತನಾಡಿದ. ಅದಕ್ಕೆ ಉತ್ತರವಾಗಿ ‘ರಾಕ್ ಅಗೇನ್ಸ್ಟ್ ರೇಸಿಸಂ’ ಎಂಬ ಚಳವಳಿ ಹುಟ್ಟಿ, 1978ರ ಏಪ್ರಿಲ್ 30ರಂದು ಲಂಡನ್ನಿನ ವಿಕ್ಟೋರಿಯಾ ಪಾರ್ಕಿನಲ್ಲಿ ಕ್ಲ್ಯಾಶ್ ಮತ್ತು ಸ್ಟೀಲ್ ಪಲ್ಸ್ ತಂಡಗಳು ಭಾರೀ ಜನಸಾಗರದ ಮುಂದೆ ಹಾಡಿದವು. ಗುರುಋಣವನ್ನು ಒಬ್ಬ ಮರೆತಾಗ ಮುಂದಿನ ಪೀಳಿಗೆ ತೀರಿಸಿತು ಎಂದು ಕಾಕನಿಗೆ ಹೇಳಿದೆ. ಅವರು ಏನೂ ಹೇಳದೆ ಕ್ಲ್ಯಾಶ್ ತಂಡದ ಕ್ಯಾಸೆಟ್ಟು ಹುಡುಕಿ ತೆಗೆದರು.

ಭಾರವಾದ ಸಂಗೀತ ಬೇಕೆನ್ನುವ ಹುಡುಗರಿಗೆ ಬ್ಲ್ಯಾಕ್ ಸಬತ್ ತಂಡದ ಎರಡು ಎಲ್‌ಪಿಗಳಿವೆ. ಬರ್ಮಿಂಗ್‌ಹ್ಯಾಮಿನ ತಗಡಿನ ಕಾರ್ಖಾನೆಯಲ್ಲಿ ಹದಿನೇಳನೆಯ ವಯಸ್ಸಿಗೇ ಬಲಗೈಯ ಎರಡು ಬೆರಳತುದಿಗಳನ್ನು ಕಳೆದುಕೊಂಡ ಟೋನಿ ಐಯೊಮಿ, ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ತಾನೇ ಬೆರಳಿಗೆ ಟೊಪ್ಪಿ ಮಾಡಿಕೊಂಡು, ನೋವು ತಡೆಯಲು ತಂತಿಗಳನ್ನು ಸಡಿಲಿಸಿದ. ಹಾಗೆ ಸಡಿಲಿಸಿದ ತಂತಿಯಿಂದ ಹೊರಟ ಮಂದ್ರವಾದ ದನಿ ಮುಂದೆ ಹೆವಿ ಮೆಟಲ್ಲಿನ ಗುರುತಾಯಿತು. ಶ್ರುತಿಯನ್ನು ಕಪ್ಪು ಎರಡರಿಂದ ಬಿಳಿ ಒಂದಕ್ಕೆ ಇಳಿಸಿದರೆ ಭಾಗವತಿಕೆಯ ಬಣ್ಣ ಹೇಗೆ ಬದಲಾಗುತ್ತದೆಂದು ಬಲ್ಲವರಿಗೆ ಇದರ ಮರ್ಮ ತಟ್ಟನೆ ಹೊಳೆಯುತ್ತದೆ. ಪಿಂಕ್ ಫ್ಲಾಯ್ಡ್‌ನ ಬಗ್ಗೆ ಹೆಚ್ಚು ಹೇಳುವುದಿಲ್ಲ, 1973ರ ‘ಡಾರ್ಕ್ ಸೈಡ್ ಆಫ್ ದ ಮೂನ್’ 1988ರವರೆಗೆ 741 ವಾರ ಅಮೆರಿಕದ ಪಟ್ಟಿಯಲ್ಲಿದ್ದುದನ್ನು ಎಲ್ಲರೂ ಹೇಳುತ್ತಾರೆ. ನನ್ನನ್ನು ಕಲಕಿದ್ದು ಅವರ 1979ರ ಶಾಲೆಯ ಹಾಡು. 1980ರಲ್ಲಿ ದಕ್ಷಿಣ ಆಫ್ರಿಕಾದ ಕರಿಯ ವಿದ್ಯಾರ್ಥಿಗಳು ವರ್ಣಭೇದದ ಶಿಕ್ಷಣವನ್ನು ಬಹಿಷ್ಕರಿಸಿ ಅದನ್ನು ಘೋಷಣೆಯಾಗಿ ಕೂಗಿದಾಗ ಅಲ್ಲಿನ ಸರಕಾರ ಆ ಹಾಡನ್ನೇ ನಿಷೇಧಿಸಿತು. ಕಲಿಕೆಯ ಭಾಷೆಗಾಗಿ ಮಕ್ಕಳೂ ಪೋಷಕರೂ ಬೀದಿಗಿಳಿದ ಊರಿನ ಮಾಷ್ಟ್ರು ನಾನು. ಮೇಷ್ಟ್ರನ್ನೇ ಬೈಯುವ ಆ ಹಾಡನ್ನು ಕಾಕನ ಸ್ಪೀಕರಿನಲ್ಲಿ ಎರಡು ಸಲ ಕೇಳಿದೆ.

ಇನ್ನು ದೂರುಗಳು. ತಟ್ಟೆಗಳ ಸ್ಥಿತಿಯನ್ನು ಎಲ್ಲಿಯೂ ಬರೆದಿರುವುದಿಲ್ಲ. ಕವರಿನ ಮೂಲೆಯಲ್ಲಿ ಪೆನ್ಸಿಲ್ಲಿನಿಂದ ಗೀಚಿದ ಬೆಲೆಯಷ್ಟೇ ಇರುತ್ತದೆ, ಅದೂ ಗಿರಾಕಿಯ ಮುಖ ನೋಡಿ ಇಳಿಯುತ್ತದೆ ಎಂಬ ಗುಮಾನಿ ನನಗಿದೆ. ಆಟಿ ತಿಂಗಳಲ್ಲಿ ಹೋದರೆ ಕವರುಗಳಿಗೆ ಬೂಷ್ಟು ಹಿಡಿದಿರುತ್ತದೆ. ಮಾಡಿನ ಒಂದು ಮೂಲೆ ಸೋರುವುದನ್ನು ಎರಡು ಮಳೆಗಾಲದಿಂದ ನೋಡುತ್ತಿದ್ದೇನೆ, ಅಲ್ಲೊಂದು ಬಾಲ್ದಿ ಇಡುವುದನ್ನು ಬಿಟ್ಟರೆ ಬೇರೇನೂ ಆಗಿಲ್ಲ. ಒಮ್ಮೆ 700 ರೂಪಾಯಿ ಕೊಟ್ಟು ರೋಲಿಂಗ್ ಸ್ಟೋನ್ಸ್ ಎಲ್‌ಪಿ ತಂದು ಮನೆಯಲ್ಲಿ ಬಿಚ್ಚಿದರೆ ಒಳಗಿದ್ದದ್ದು ಹವಾಯನ್ ಗಿಟಾರಿನಲ್ಲಿ ನುಡಿಸಿದ ಹಿಂದಿ ಹಾಡುಗಳು. ಮರುವಾರ ಕೊಂಡುಹೋದಾಗ ಕಾಕ ತಪ್ಪೊಪ್ಪಿದರು, ಆದರೆ ದುಡ್ಡು ಹಿಂದಿರುಗಿಸಲಿಲ್ಲ. ಬದಲಿಗೆ ಬೇರೆ ತಟ್ಟೆ ಆರಿಸಿಕೊಳ್ಳಲು ಹೇಳಿದರು. ಕವರಿನೊಳಗೆ ಇರಬೇಕಾಗಿದ್ದ ತಟ್ಟೆ ಇಂದಿಗೂ ಸಿಕ್ಕಿಲ್ಲ. ಆದುದರಿಂದ ಕೊಳ್ಳುವ ಮೊದಲು ಬಿಚ್ಚಿ ನೋಡಿ, ಸಾಧ್ಯವಿದ್ದರೆ ಅಲ್ಲೇ ಹಾಕಿಸಿ ಕೇಳಿ. ಕೇಳಿಸಲು ಕಾಕ ಎಂದೂ ಬೇಸರಿಸುವುದಿಲ್ಲ, ಅರ್ಧಕ್ಕೆ ನಿಲ್ಲಿಸುವುದೂ ಇಲ್ಲ. ಸಂಗ್ರಹವೂ 1980ರ ದಶಕದ ಮೊದಲ ಭಾಗಕ್ಕೆ ನಿಂತುಬಿಡುತ್ತದೆ. ಐರನ್ ಮೇಡನ್ 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದಾಗ ಕಪ್ಪು ಅಂಗಿ ತೊಟ್ಟು ರಾತ್ರಿ ಬಸ್ಸಿನಲ್ಲಿ ಹೋಗಿಬಂದ ನನ್ನ ಹಳೆ ವಿದ್ಯಾರ್ಥಿಗೆ ಈ ಅಂಗಡಿಯಲ್ಲಿ ಆ ತಂಡದ ಒಂದೇ ಒಂದು ಕ್ಯಾಸೆಟ್ಟು ಸಿಕ್ಕಿತು, ಅದರ ರೀಲೂ ಜಗಿದುಹೋಗಿತ್ತು. ಶಿಷ್ಯರ ಸಾಲನ್ನು ಹಿಂದಿ ಸಿನಿಮಾಕ್ಕೇ ನಿಲ್ಲಿಸಿರುವುದೂ ಕೊರತೆಯೇ. ಮಲಯಾಳದಲ್ಲಿ ರಾಕ್ ಹಾಡುವ ಅವಿಯಲ್ ತಂಡವಾಗಲಿ, ಕನ್ನಡದಲ್ಲಿ ಶರೀಫರ ಪದಗಳಿಗೆ ಗಿಟಾರು ಕೂಡಿಸಿದ ರಘು ದೀಕ್ಷಿತರಾಗಲಿ ಆ ಕಪಾಟಿನ ಬಲತುದಿಯಲ್ಲಿ ಇರಲೇಬೇಕಾದವರು. ಹೇಳಿದೆ. “ಅವರದು ಪ್ಲೇಟು ಎಲ್ಲಿದೆ ಮಾಷ್ಟ್ರೆ, ಮೊಬೈಲಿನಲ್ಲಿದ್ದದ್ದನ್ನು ಕಪಾಟಿನಲ್ಲಿ ಹೇಗಿಡಲಿ?” ಎಂಬ ಉತ್ತರ ಬಂತು. ಕ್ವೀನ್ ತಂಡದ ಹಾಡುಗಾರ ಫ್ರೆಡ್ಡಿ ಮರ್ಕ್ಯುರಿ ಪಂಚಗಣಿಯ ಬೋರ್ಡಿಂಗ್ ಶಾಲೆಯಲ್ಲಿ ಓದಿ, ಅಲ್ಲಿಯೇ ಮೊದಲ ತಂಡ ಕಟ್ಟಿದವನಾದ್ದರಿಂದ ಆ ತಂಡವನ್ನು ಹಿಂದಿ ಸಾಲಿನ ಪಕ್ಕ ಇಡಬೇಕೇ ಎಂಬ ಚರ್ಚೆಯಂತೂ ಇನ್ನೂ ಮುಗಿದಿಲ್ಲ.

ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವಿಗೆ ಏರಿಸಿಕೊಡುವ ಸೇವೆಯನ್ನು ನಾನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಗಂಟೆಯ ಕ್ಯಾಸೆಟ್ಟಿಗೆ 150 ರೂಪಾಯಿ, ರೀಲು ತುಂಡಾಗಿದ್ದರೆ ಅಂಟಿಸಲು ಮತ್ತೆ 50. ನೆರೆಮನೆಯ ಅಣ್ಣ ತೀರಿಕೊಂಡ ಮೇಲೆ ಅವನ ಮನೆಯವರು ಕೊಟ್ಟ ತಾಳಮದ್ದಳೆಯ ಕ್ಯಾಸೆಟ್ಟೊಂದನ್ನು ಒಯ್ದಿದ್ದೆ; ನಮ್ಮೂರ ಭಜನಾಮಂದಿರದಲ್ಲಿ ಅವನೇ ಟೂ-ಇನ್-ವನ್ ಇಟ್ಟು ಮುದ್ರಿಸಿದ್ದು. ವಾರ ಕಳೆದು ಹೋದಾಗ ಕಾಕ ಹೆಡ್‌ಫೋನನ್ನು ನನ್ನ ಕಿವಿಗಿಟ್ಟರು. ಮಂಗಳ ಪದ ಮುಗಿದು, ಚೆಂಡೆಯ ಕೊನೆಯ ಪೆಟ್ಟು ಬಿದ್ದು, ಯಾರೋ ಕೆಮ್ಮಿ, ‘ಕಟ್’ ಎಂದು ಗುಂಡಿ ಒತ್ತಿದ ಸದ್ದಾದೊಡನೆ ಅಡಿಯಲ್ಲಿ ಅಳಿಯದೆ ಉಳಿದಿದ್ದ ಡೀಪ್ ಪರ್ಪಲ್ ತಂಡದ ಗಿಟಾರು ಒಮ್ಮೆಲೇ ನುಗ್ಗಿ ಬಂತು. ಆ ಹಾಡಿನ ಬಾಲದ ಒಂದೂವರೆ ನಿಮಿಷವಷ್ಟೇ. ಶಾರ್ಜಾದಿಂದ ತಂದ ಕ್ಯಾಸೆಟ್ಟಿನ ಮೇಲೆಯೇ ಅಣ್ಣ ಪ್ರಸಂಗ ತುಂಬಿಸಿದ್ದ. ಕೊನೆಯ ಭಾಗ ಕತ್ತರಿಸಬೇಕೇ ಎಂದು ಕಾಕ ಕೇಳಿದರು, ಬೇಡವೆಂದೆ.

ಅಂಗಡಿ ಬೆಳಗ್ಗೆ ಹತ್ತೂವರೆಗೆ ತೆರೆಯುತ್ತದೆ, ಶುಕ್ರವಾರ ನಮಾಜಿನ ಹೊತ್ತಿಗೆ ಮುಚ್ಚಿ ಮೂರರ ಮೇಲೆ ಮತ್ತೆ ತೆರೆಯುತ್ತದೆ. ಮೆಟ್ಟಿಲು ಕಡಿದಾಗಿದೆ, ಮಂಡಿನೋವಿನವರು ಕೆಳಗಿನ ಟೈಲರನಿಗೆ ಹೇಳಿದರೆ ಅವನು ಮೇಲಕ್ಕೆ ಕೂಗು ಹಾಕುತ್ತಾನೆ, ಕಾಕ ಇಳಿದು ಬರುತ್ತಾರೆ. ಚೀಲ ನೀವೇ ಒಯ್ಯಬೇಕು. ಪ್ಲೇಯರಿನ ಸೂಜಿಗೆ ಮಂಗಳೂರಿನಿಂದ ತರಿಸಬೇಕೆಂದು ಹೇಳಿ ಮುಂಗಡ ಪಡೆದವರು ‘ನಾಳೆ’ ಎನ್ನುತ್ತಲೇ ಇರುತ್ತಾರೆ. ನನ್ನದು ಬರಲು ಆರು ವಾರ ಹಿಡಿಯಿತು. ಬಂದ ದಿನ ಫೋನು ಮಾಡಿ, ಸೂಜಿಯ ಜೊತೆಗೆ ಆ ಕಳೆದುಹೋದ ರೋಲಿಂಗ್ ಸ್ಟೋನ್ಸ್ ತಟ್ಟೆಯೂ ಸಿಕ್ಕಿದೆಯೆಂದು ಹೇಳಿದರು. ಹೋಗಿ ನೋಡಿದರೆ ಅದು ಬೇರೆಯೇ ತಟ್ಟೆ.